ಪ್ರಸಾದ ಶಬ್ದದ ವಿಚಾರ

ಉತ್ಸವಾನಂತರ ತೀರ್ಥಪ್ರಸಾದಕ್ಕಾಗಿ ನೂಕುನುಗ್ಗಲಿನಲ್ಲಿ ನಿಂತಾಗ ಆ ಶಬ್ದದ ಅರ್ಥವನ್ನು ನಾವು ಚಿಂತಿಸುವುದುಂಟೇ? ‘ಪ್ರ’ ಉಪಸರ್ಗಪೂರ್ವಕವಾದ ‘ಸದ್’ ಧಾತುವಿನಿಂದ ‘ಪ್ರಸಾದ’, ‘ಪ್ರಸನ್ನ’ ಎರಡೂ ನಿಷ್ಪನ್ನವಾಗಿವೆ. ಕದಡಿದ ನೀರು ತಿಳಿಯಾಗುವುದು ಪ್ರಸಾದ. ಕಾವ್ಯದಲ್ಲಿ ಅರ್ಥವು ತಡೆಯಿಲ್ಲದೆ ತೋರುವ ಗುಣಕ್ಕೂ ಅದೇ ಹೆಸರು. ಗೀತೆಯ 2ನೆಯ ಅಧ್ಯಾಯದಲ್ಲಿ ರಾಗದ್ವೇಷಗಳನ್ನು ತೊರೆದವನ ಮನಃಪ್ರಸನ್ನತೆಯೇ ಪ್ರಸಾದ. 18ನೆಯ ಅಧ್ಯಾಯದಲ್ಲಿ ಭಗವಂತನ ಅನುಗ್ರಹವೇ ಪ್ರಸಾದ. ಆ ಅನುಗ್ರಹವಿಲ್ಲದೆ ಮೋಕ್ಷವಿಲ್ಲವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ದೇವರಿಗೆ ನಿವೇದಿಸಿದ ಅನ್ನವನ್ನು ಅನುಗ್ರಹರೂಪವೆಂದು ಸ್ವೀಕರಿಸುವುದರಿಂದ ಅದೂ ಪ್ರಸಾದವೆನಿಸಿತು.

ಹೀಗಿರಲು, ಪಕ್ಕದಲ್ಲಿರುವ ವೃದ್ಧರನ್ನು ತಳ್ಳಿ, ಮನಸ್ಸನ್ನು ಕದಡಿಕೊಂಡು ಮುನ್ನುಗ್ಗುವ ನಾವು ಕೈಯ ಪ್ರಸಾದಕ್ಕಾಗಿ ಮನಸ್ಸಿನ ಪ್ರಸಾದವನ್ನು ಕಳೆದುಕೊಂಡಂತಾಗಲಿಲ್ಲವೇ? ಶ್ರೀಹರಿಯು ಕೊಡುವುದರಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಪಡೆಯುವ ನಮ್ಮಲ್ಲಿ. ಕೈಯೊಡ್ಡುವ ಮೊದಲು ಮನಸ್ಸನ್ನು ತಿಳಿಗೊಳಿಸಿಕೊಳ್ಳೋಣ. ಹಿರಿಯರಿಗೆ ದಾರಿ ಬಿಡೋಣ.