ಬಸುರಿಯ ಒಪ್ಪಿಗೆ

2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡ ಸವಿತಾ ಹಾಲಪ್ಪನವರ್ ಬೆಳಗಾವಿಯ ಹೆಣ್ಣುಮಗಳು, 31 ವರ್ಷದ ದಂತವೈದ್ಯೆ. ಹದಿನೇಳು ವಾರದ ಆ ಗರ್ಭ ನಿಲ್ಲುವುದಿಲ್ಲವೆಂದು ಆಸ್ಪತ್ರೆ ಸೇರಿದ ದಿನವೇ ತಿಳಿದಿತ್ತು. ಗರ್ಭದ ನೀರೂ ಒಡೆದುಹೋಯಿತು. ಇನ್ನು ತೆಗೆದುಬಿಡಿ ಎಂದು ಆಕೆ ಕೇಳಿಕೊಂಡರೂ ಭ್ರೂಣದ ಎದೆಬಡಿತ ಇರುವವರೆಗೆ ಸಾಧ್ಯವಿಲ್ಲವೆಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದನ್ನು ದಾದಿಯೊಬ್ಬರು ಸಾವಿನ ವಿಚಾರಣೆಯಲ್ಲಿ ಒಪ್ಪಿಕೊಂಡರು. ಎದೆಬಡಿತ ನಿಲ್ಲುವ ಹೊತ್ತಿಗೆ ನಂಜು ತಾಯಿಯ ರಕ್ತಕ್ಕೆ ಏರಿತ್ತು. ಆ ದೇಶದ ಸಂವಿಧಾನಕ್ಕೆ 1983ರಲ್ಲಿ ಸೇರಿದ್ದ ಎಂಟನೆಯ ತಿದ್ದುಪಡಿ, ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಸಮಾನ ಹಕ್ಕು ಕೊಟ್ಟಿತ್ತು. ಸಮಾನ ಎಂದ ಕೂಡಲೇ ನ್ಯಾಯ ಸಂದಂತೆ ತೋರುತ್ತದೆ. ಆದರೆ ಇಬ್ಬರಲ್ಲಿ ಮಾತನಾಡಬಲ್ಲವಳು ಒಬ್ಬಳೇ; ಅವಳ ಮಾತನ್ನು ಬದಿಗೊತ್ತದೆ ಈ ಸಮಾನತೆ ನಡೆಯಲಾರದು.

ಭ್ರೂಣದ ಜೀವ ಪವಿತ್ರವೆಂದೇ ಇಟ್ಟುಕೊಳ್ಳೋಣ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ತಾಯಿಯ ಒಪ್ಪಿಗೆ ಬೇಡವೆಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಸಾಯುತ್ತಿರುವ ಮಗುವಿಗೆ ಮೂತ್ರಪಿಂಡ ಕೊಡೆಂದು ಹೆತ್ತ ತಂದೆಯನ್ನೂ ಕಾನೂನು ಬಲವಂತ ಮಾಡುವುದಿಲ್ಲ. 1978ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮ್ಯಾಕ್‌ಫಾಲ್ ಎಂಬ ರೋಗಿ ತನ್ನ ಸಂಬಂಧಿಯ ಅಸ್ಥಿಮಜ್ಜೆಗಾಗಿ ಕೋರ್ಟಿಗೆ ಹೋದ. ಕೊಡದಿರುವುದು ನೈತಿಕವಾಗಿ ತಪ್ಪೆಂದ ನ್ಯಾಯಾಧೀಶರು, ಕೊಡಿಸುವ ಅಧಿಕಾರ ಮಾತ್ರ ತಮಗಿಲ್ಲವೆಂದರು. ಬಸುರಿಯ ವಿಷಯಕ್ಕೆ ಬಂದಾಗ ಈ ಎಚ್ಚರ ತಪ್ಪುತ್ತದೆ. 1987ರಲ್ಲಿ ವಾಷಿಂಗ್ಟನ್ನಿನಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಏಂಜೆಲಾ ಕಾರ್ಡರ್‌ಗೆ ಆಕೆಯ ಒಪ್ಪಿಗೆಯಿಲ್ಲದೆ ಕೋರ್ಟಿನ ಆದೇಶದ ಮೇಲೆ ಸಿಸೇರಿಯನ್ ಮಾಡಿದರು. ಮಗು ಕೆಲವೇ ಗಂಟೆ ಬದುಕಿತು, ತಾಯಿ ಎರಡು ದಿನದಲ್ಲಿ ಹೋದಳು. 1990ರಲ್ಲಿ ಮೇಲಿನ ಕೋರ್ಟು ಆ ಆದೇಶ ತಪ್ಪೆಂದಿತು.

ಸವಿತಾರನ್ನು ಕೊಂದದ್ದು ಕಾನೂನಲ್ಲ, ನಿರ್ಲಕ್ಷ್ಯ ಎಂಬ ವಾದವಿದೆ. ನಿರ್ಲಕ್ಷ್ಯ ನಿಜ: ರಕ್ತಪರೀಕ್ಷೆಯ ಫಲಿತಾಂಶವನ್ನು ಯಾರೂ ಬೆನ್ನುಹತ್ತಲಿಲ್ಲ, ನಾಡಿ, ಜ್ವರ ನೋಡುವುದರಲ್ಲೂ ಲೋಪವಾಯಿತು. ಆದರೆ ವಿಚಾರಣೆಯಲ್ಲಿ ಪ್ರಸೂತಿತಜ್ಞ ಪೀಟರ್ ಬಾಯ್ಲನ್ ಹೇಳಿದ್ದು ಇನ್ನೂ ಗಂಭೀರ: ಮೊದಲ ದಿನಗಳಲ್ಲೇ ಗರ್ಭ ತೆಗೆದಿದ್ದರೆ ಆಕೆ ಬಹುಶಃ ಉಳಿಯುತ್ತಿದ್ದರು, ಆಗ ಕಾನೂನು ಬಿಡುತ್ತಿರಲಿಲ್ಲ, ಕಾನೂನು ಬಿಡುವಷ್ಟು ರೋಗ ಬಲಿತಾಗ ಕಾಲ ಮೀರಿತ್ತು. ರೋಗಿ ಸಾವಿಗೆ ಸಾಕಷ್ಟು ಹತ್ತಿರ ಬರಲೆಂದು ವೈದ್ಯರು ಕಾಯಬೇಕಾದ ವ್ಯವಸ್ಥೆಯನ್ನು ಯಾವ ಧರ್ಮದ ಹೆಸರಲ್ಲಿ ಸಮರ್ಥಿಸುವುದು? ಕ್ಯಾಥೊಲಿಕ್ ನೀತಿಶಾಸ್ತ್ರವೇ ತಾಯಿಯ ಗಂಭೀರ ಕಾಯಿಲೆಗೆ ಚಿಕಿತ್ಸೆ ಕೊಡುವಾಗ, ಉದ್ದೇಶಿಸದೆ ಭ್ರೂಣ ಸತ್ತರೆ ಅದನ್ನು ಪಾಪವೆನ್ನುವುದಿಲ್ಲ. ಯಹೂದಿಗಳ ಧರ್ಮಸಂಹಿತೆಯಾದ ಮಿಷ್ನಾ ಇನ್ನೂ ಮುಂದೆ ಹೋಗಿ, ಹೆರಿಗೆ ಕಷ್ಟವಾದಾಗ ಶಿಶುವಿನ ಬಹುಭಾಗ ಹೊರಬರುವ ತನಕ ತಾಯಿಯ ಜೀವವೇ ಮೊದಲೆನ್ನುತ್ತದೆ.

ತಾಯ್ತನವೆಂದರೆ ತ್ಯಾಗ ಎಂಬ ಆಕ್ಷೇಪ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಮಗುವಿಗಾಗಿ ತನ್ನ ಚಿಕಿತ್ಸೆಯನ್ನೇ ಮುಂದೂಡುವ ತಾಯಂದಿರಿದ್ದಾರೆ, ಅವರಿಗೆ ಕೈಮುಗಿಯಬೇಕು. ಅದು ತ್ಯಾಗವಾಗುವುದು ಬೇಡವೆನ್ನುವ ದಾರಿ ತೆರೆದಿದ್ದಾಗ. 'ಕೆರೆಗೆ ಹಾರ'ದಲ್ಲಿ ಊರ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಕೊಡಬೇಕೆಂದು ತೀರ್ಮಾನಿಸಿದವರು ಹಿರಿಯರು; ಅವಳನ್ನು ಯಾರೂ ಕೇಳಲಿಲ್ಲ. ಆ ಹಾಡು ಕೇಳಿ ಇಷ್ಟು ತಲೆಮಾರುಗಳು ಕಣ್ಣೀರಿಟ್ಟಿವೆ. ಆದರೆ ಕೇಳದೆ ತೀರ್ಮಾನಿಸುವ ರೂಢಿ ಹೋಗಿಲ್ಲ.

ಐರ್ಲೆಂಡಿನ ಜನ 2018ರ ಮೇ 25ರಂದು ಶೇ. 66.4 ಮತಗಳಿಂದ ಆ ತಿದ್ದುಪಡಿಯನ್ನು ತೆಗೆದುಹಾಕಿದರು. ನಮ್ಮ 1971ರ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ, ಸ್ವಸ್ಥಮನಸ್ಸಿನ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು. ಆದರೂ ಗಂಡನ ಸಹಿಯಿಲ್ಲದೆ ಮುಂದುವರಿಯದ ಆಸ್ಪತ್ರೆಗಳು ಇಲ್ಲಿ ಇಂದಿಗೂ ಇವೆ. ಮನೆಯವರನ್ನು ಕರೆಯುವ ಮುನ್ನ ವೈದ್ಯರು ಅವಳೊಬ್ಬಳ ಹತ್ತಿರ ಕೂತು, ಅವಳ ನುಡಿಯಲ್ಲೇ ಎಲ್ಲ ತಿಳಿಸಿ, ಏನು ಮಾಡೋಣವೆಂದು ಕೇಳಬೇಕು.