ಹಳೇ ದೋಣಿಯ ಅಗ್ಗದ ಕ್ರಯ

ಹಳೇ ಹಾಯಿದೋಣಿಯನ್ನು ಅರ್ಧ ಕ್ರಯಕ್ಕೆ ಮಾರುವವನು ಅದರ ಕುಂದನ್ನು ಬಾಯಿಬಿಟ್ಟು ಹೇಳಬೇಕೋ? ಕುಂದಿಗಾಗಿಯೇ ಕ್ರಯವನ್ನು ಇಳಿಸಿದೆನು, ಕೊಳ್ಳುವವನಿಗೆ ಕಣ್ಣಿಲ್ಲವೋ ಎಂದು ಕೆಲವರು ಅನ್ನುತ್ತಾರೆ. ಪ್ರಿಯರೇ, ಇದನ್ನು ನಾವು ದೇವರ ಸಮ್ಮುಖದಲ್ಲಿ ವಿಚಾರಿಸೋಣ.

ಮಂಗಳೂರು, ಮಲ್ಪೆ ಮೊದಲಾದ ಕಡಲ ತೀರದವರು ಬಲ್ಲಂತೆ, ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳವುಂಟು. ಅದು ಮರಿಯಾಗಿರುವಾಗ ಸೂಜಿಯ ಮೊನೆಯಷ್ಟು ತೂತಿನಿಂದ ಹಲಗೆಯನ್ನು ಹೊಕ್ಕು ಒಳಗೇ ಬೆಳೆಯುತ್ತದೆ. ಹೊರಗೆ ಹಲಗೆಯು ಗಟ್ಟಿಯಾಗಿ ತೋರುವದು; ಒಳಗೆ ಪೊಳ್ಳು. ಮೇಲೆ ಹೊಸದಾಗಿ ಎಣ್ಣೆ ಬಳಿದರೆ ಆ ತೂತು ಸಹ ಕಾಣದು. ದಿನಾಲೂ ದೋಣಿಯ ನೀರನ್ನು ಮೊಗೆದವನಿಗೆ ಮಾತ್ರ ಗೊತ್ತು.

ಹೀಗಿರುವಾಗ ಕ್ರಯ ಇಳಿಸುವದರಿಂದ ಹಣದ ಲೆಕ್ಕವು ಸರಿಹೋದೀತು, ಪ್ರಾಣದ ಲೆಕ್ಕವು ಸರಿಹೋಗದು. ಅಗ್ಗಕ್ಕೆ ಕೊಳ್ಳುವವನು ಹೆಚ್ಚಾಗಿ ಬಡವನು. ನಡುಗಡಲಲ್ಲಿ ಗಾಳಿ ಎದ್ದಾಗ ಉಳಿಸಿದ ರೂಪಾಯಿಗಳು ಅವನನ್ನು ತೇಲಿಸವು. ಕುಂದನ್ನು ಕೇಳಿ ಕೊಂಡವನು ಹಲಗೆಯನ್ನು ಬದಲಿಸುವನು, ಇಲ್ಲವೆ ದೋಣಿಯನ್ನು ಹೊಳೆಯಲ್ಲೇ ನಡಿಸುವನು. ಆ ಹೊರೆಯನ್ನು ಅವನು ತಾನೇ ಎತ್ತಿಕೊಂಡನು. ಕೇಳದೆ ಕೊಂಡವನ ಮೇಲೆ ನಾವೇ ಹೊರಿಸಿದೆವು.

ಯಾಜಕಕಾಂಡ 25:14ರ ಆಜ್ಞೆಯು ಮಾರುವವನಿಗೂ ಕೊಳ್ಳುವವನಿಗೂ ಒಂದೇ. ಆದಕಾರಣ ನೆರೆಯವನ ಇಕ್ಕಟ್ಟನ್ನು ನೋಡಿ ಒಳ್ಳೇ ದೋಣಿಯನ್ನು ಹಳಿದು ಅಗ್ಗಕ್ಕೆ ಎಳೆಯುವವನೂ ನಿರ್ದೋಷಿಯಲ್ಲ. ನಾವಂತೂ ಮೊದಲು ಕುಂದನ್ನು ಹೇಳೋಣ, ಆಮೇಲೆ ಕ್ರಯವನ್ನು ಹೇಳೋಣ.