ಹಿತ್ತಲ ಅಗೆಯುವ ದೇವರು

ಪಕ್ಕದಲ್ಲಿ ಕೂತವರನ್ನ ನೋಡಿ, “ನಿಮ್ಮ ಹಿತ್ತಲ ಹೆಂಗೈತಿ?” ಅಂತ ಕೇಳ್ರಿ. ನಗಬ್ಯಾಡ್ರಿ, ಕೇಳ್ರಿ! ಇವತ್ತಿನ ಸಂದೇಶ ಅದೇ.

ಲೂಕನ ಸುವಾರ್ತೆ 13ನೇ ಅಧ್ಯಾಯ, 6ರಿಂದ 9ನೇ ವಚನ ತೆರೆಯಿರಿ. ಫೋನಿನಲ್ಲಿ ಓದೋರು ವಾಟ್ಸ್‌ಆ್ಯಪ್ ಮುಚ್ಚಿ ಓದ್ರಿ. ಮೂರು ವರ್ಷ ಬಂದು ನೋಡಿದರೂ ಅಂಜೂರದ ಮರದಲ್ಲಿ ಹಣ್ಣಿಲ್ಲ. ಕಡಿದುಹಾಕು ಅಂದ ಯಜಮಾನ. ತೋಟಗಾರ ಇನ್ನೊಂದು ವರ್ಷ ಬೇಡಿಕೊಂಡ. ಆ ವರ್ಷದಲ್ಲಿ ಏನು ಮಾಡ್ತೀನಿ ಅಂದ? ಮೊದಲು ಸುತ್ತ ಅಗೆಯೋದು, ಆಮೇಲೆ ಗೊಬ್ಬರ. ನಮಗೆಲ್ಲ ಗೊಬ್ಬರ ಬೇಕು, ಗುದ್ದಲಿ ಬೇಡ. ಆಶೀರ್ವಾದ ಬೇಕು, ಅಗೆತ ಬೇಡ. ಈಗ ಆಮೆನ್ ಸಣ್ಣಗೆ ಬಂತು ನೋಡ್ರಿ!

ನನ್ನ ಊರು ಗೋಕಾಕ ತಾಲ್ಲೂಕಿನ ಅಂಕಲಗಿ ಅಂತ ನಿಮಗೆ ಗೊತ್ತು. ಅಲ್ಲಿ ನಮ್ಮ ಮನೆಯ ಹಿಂದೆ ಒಂದು ಹಿತ್ತಲ ಇದೆ. ಅಪ್ಪ ಇದ್ದಾಗ ಬದನಿ, ಮೆಣಸಿನಕಾಯಿ, ಕರಿಬೇವು ಎಲ್ಲ ಇತ್ತು. ಅಪ್ಪ ತೀರಿಕೊಂಡ ಮೇಲೆ ನನಗೂ ನಮ್ಮ ಅಣ್ಣಗೂ ಪಾಲಿನ ವಿಷಯಕ್ಕೆ ಮಾತು ಬಿಟ್ಟುಹೋಯಿತು. ಹಿತ್ತಲ ಯಾರದು ಅನ್ನೋದೇ ಜಗಳ. ಅವನ ಪಾಲು ನಾನ್ಯಾಕೆ ಸ್ವಚ್ಛ ಮಾಡಲಿ ಅಂತ ನಾನು, ಅದೇ ಮಾತು ಅವನು. ಒಡೆದ ಗೋಡೆಯ ಇಟ್ಟಂಗಿ, ಪಾಯಿಖಾನೆ ಗುಂಡಿ ತೋಡಿದ ಮಣ್ಣು ಒಂದು ಕಡೆ ದಿಬ್ಬ ಆಯಿತು. ಅಡುಗೆಮನೆ ಗೋಡೆಯ ಕಡೆ ತಗ್ಗು. ಮೇಲೆ ಕಾಂಗ್ರೆಸ್ ಕಸ, ಜಾಲಿ. ನಾಲ್ಕು ವರ್ಷ! ಆ ನಾಲ್ಕು ವರ್ಷವೂ ನಾನು ಇದೇ ವೇದಿಕೆಯಲ್ಲಿ ನಿಂತು ಕ್ಷಮೆಯ ಬಗ್ಗೆ ಪ್ರಸಂಗ ಮಾಡಿದ್ದೇನೆ. ಕರ್ತನು ನನ್ನನ್ನು ಕ್ಷಮಿಸಲಿ.

ಅವ್ವ ಫೋನ್ ಮಾಡಿದಾಗೆಲ್ಲ, “ನೀರು ನಿಲ್ಲಾಕತ್ತೇತಿ” ಅಂತಿದ್ದಳು. ನಾನೇನು ಮಾಡಿದೆ? ಇಲ್ಲಿಂದಲೇ ದುಡ್ಡು ಕಳಿಸಿ ಎರಡು ಟ್ರ್ಯಾಕ್ಟರ್ ಮಣ್ಣು ಹಾಕಿಸಿದೆ. ಕಸದ ಮೇಲೆ, ಇಟ್ಟಂಗಿಯ ಮೇಲೆ ಹರಡಿಸಿದೆ. ಫೋಟೋ ಬಂತು, ಚಂದ ಸಮ ಕಾಣ್ತಿತ್ತು. ಸ್ಟೇಟಸ್ಸಿಗೂ ಹಾಕಿದೆ! ಮಳೆಗಾಲ ಬಂತು. ಒಳಗಿನ ಕಸ ಕೊಳೆಯಿತು, ಇಟ್ಟಂಗಿ ಸಂದಿಗೆ ಮಣ್ಣು ಇಳಿಯಿತು, ಅಲ್ಲಲ್ಲಿ ಕುಸಿಯಿತು. ಆ ಕೆಸರಿನಲ್ಲಿ ಅವ್ವ ಜಾರಿ ಬಿದ್ದು ಕೈ ಮುರಿದುಕೊಂಡಳು. ಜಗಳ ನಮ್ಮಿಬ್ಬರದು, ಕೈ ಅವ್ವಂದು.

ಈ ಬೇಸಿಗೆಯಲ್ಲಿ ರಜೆ ಹಾಕಿ ಹೋದೆ. ಪಕ್ಕದ ಮನೆಯ ಕಾಕಾ, ಗೌಂಡಿ ಕೆಲಸ ಮಾಡಿದವರು, ಬಂದು ನೋಡಿ ಅಂದರು: “ತಮ್ಮಾ, ಮ್ಯಾಲ ಮಣ್ಣ ಹಾಕಿದ್ರ ನೆಲ ಸಮ ಆಗಂಗಿಲ್ಲ. ಒಳಗ ಏನೈತಿ ಮೊದಲ ನೋಡು.”

ದೇವಜನರೇ, ಇದು ಮೊದಲನೇ ಮಾತು. ಮುಚ್ಚಿದ್ದು ಸಮವಾಗೋದಿಲ್ಲ. ಹೋಶೇಯ 10:12ರಲ್ಲಿ ದೇವರು ತನ್ನ ಜನರಿಗೆ ಪಾಳುಭೂಮಿಯನ್ನು ಉಳಲು ಹೇಳುತ್ತಾನೆ, ಮೇಲೆ ಹೊದಿಸಲು ಅಲ್ಲ. ಭಾನುವಾರದ ಆರಾಧನೆ ಜೋರಾಗಿದೆ, ರೀಲ್ಸ್‌ನಲ್ಲಿ ವಚನ ಇದೆ, ಆದರೆ ಅಪ್ಪನ ಜೊತೆ ಮಾತಿಲ್ಲ, ತಂಗಿಯ ಫೋನ್ ಎತ್ತೋದಿಲ್ಲ. ಅದು ಎರಡು ಟ್ರ್ಯಾಕ್ಟರ್ ಮಣ್ಣು. ಒಂದು ಮಳೆ ಸಾಕು.

ಕಾಕಾ ಹೇಳಿದಂತೆ ಮೇಲಿನ ಒಂದು ಗೇಣು ಒಳ್ಳೆ ಮಣ್ಣನ್ನು ತೆಗೆದು ಬೇರೆ ಗುಡ್ಡೆ ಮಾಡಿದೆವು. ಇಟ್ಟಂಗಿ, ಗಾಜು, ಪ್ಲಾಸ್ಟಿಕ್ ಆರಿಸಿದೆವು. ಆಮೇಲೆ ಗೂಟ ಹೊಡೆದು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಲೆವೆಲ್ ಹಿಡಿದೆವು. ನನ್ನ ಕಣ್ಣಿಗೆ ಸಮ ಅನಿಸಿದ ಜಾಗ ಆರು ಇಂಚು ಏರು ಇತ್ತು! ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಆದರೆ ಒಳಗೆ ಗಾಳಿಗುಳ್ಳೆ ಇದ್ದರೆ ಮಟ್ಟ ತಪ್ಪುತ್ತೆ ಅಂತ ಕಾಕಾ ಮತ್ತೆ ಮತ್ತೆ ಪೈಪು ಜಾಡಿಸ್ತಿದ್ದರು. ಎರಡನೇ ಮಾತು: ನನ್ನ ಕಣ್ಣು ನನ್ನ ಅಳತೆಗೋಲಲ್ಲ. ಅಣ್ಣನದೇ ತಪ್ಪು ಅಂತ ನಾಲ್ಕು ವರ್ಷ ನನ್ನ ಕಣ್ಣು ಹೇಳಿತ್ತು. ನಾನು ಪ್ರಾರ್ಥನೆಯನ್ನೂ ಮಾಡಿದ್ದೆ, ಆದರೆ ಒಳಗೆ ಗಾಳಿ ತುಂಬಿಕೊಂಡು. ಪವಿತ್ರಾತ್ಮನೇ, ಆ ಗಾಳಿ ತೆಗೆ!

ಮೂರನೇ ಮಾತು. ದಿಬ್ಬ ಇಳಿಯಬೇಕು, ತಗ್ಗು ತುಂಬಬೇಕು. ಯೆಶಾಯ 40:4ರಲ್ಲಿ ಕರ್ತನ ದಾರಿ ಸಿದ್ಧವಾಗೋದು ಹೀಗೇ. ಹೊರಗಿನ ಮಣ್ಣು ತರಲೇ ಇಲ್ಲ; ದಿಬ್ಬದ ಮಣ್ಣೇ ತಗ್ಗಿಗೆ ಸಾಕಾಯಿತು. ಒಂದೇ ಸಲ ಸುರಿಯಲಿಲ್ಲ. ಒಂದೊಂದು ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಹೊಡೆದೆವು. ಗೋಡೆಯಿಂದ ಆಚೆಗೆ ಹತ್ತು ಅಡಿಗೆ ಎರಡು ಇಂಚು ಇಳಿಜಾರು ಬಿಟ್ಟೆವು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ತುಂಬಿ ಗೋಕಾಕ ಊರೊಳಗೆ ನೀರು ಬಂದಿದ್ದು ನೋಡಿದ್ದೇವಲ್ರಿ? ನೀರು ತಗ್ಗನ್ನೇ ಹುಡುಕುತ್ತೆ. ಹಿತ್ತಲಲ್ಲೂ ಅಷ್ಟೇ, ಅದಕ್ಕೆ ದಾರಿ ಮಾಡಿಕೊಡಬೇಕು.

ಎರಡನೇ ದಿನ ದಿಬ್ಬದಲ್ಲಿ ಒಂದು ದೊಡ್ಡ ಕಲ್ಲು ಸಿಕ್ಕಿತು, ಅಲ್ಲಾಡಲಿಲ್ಲ. ತಿರುಗಿ ನೋಡಿದರೆ ಅಣ್ಣ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹಾರಿ. ನನ್ನ ಬಾಯಿ ಒಣಗಿತು. “ಅಣ್ಣಾ, ತಪ್ಪು ನಂದೂ ಐತಿ” ಅಂದೆ. ಅವನು ಏನೂ ಅನ್ನಲಿಲ್ಲ. ಹಾರಿ ಕಲ್ಲಿನ ಬುಡಕ್ಕೆ ಹಾಕಿ, “ನೀ ಆ ಕಡೆ ಹಿಡಿ” ಅಂದ. ಅಷ್ಟೇ. ಪಾಲಿನ ಕಾಗದ ಇನ್ನೂ ಆಗಿಲ್ಲ, ಸುಳ್ಳು ಸಾಕ್ಷಿ ಹೇಳೋದಿಲ್ಲ. ಆದರೆ ಆ ರಾತ್ರಿ ಅವ್ವ ಇಬ್ಬರಿಗೂ ಒಂದೇ ಸಾಲಿನಲ್ಲಿ ಕೂಡಿಸಿ ರೊಟ್ಟಿ ಬಡಿಸಿದಳು. ಹಲ್ಲೆಲೂಯ!

ಒಳ್ಳೆ ಮಣ್ಣು ವಾಪಸ್ ಹರಡಿ, ತಿಪ್ಪೆಗೊಬ್ಬರ ಬೆರೆಸಿದೆವು. ನಾನು ಆಗಲೇ ಬೀಜ ಹಾಕಲು ಹೊರಟೆ. ಕಾಕಾ ತಡೆದರು: “ಒಂದು ಮಳಿ ಆಗಲಿ, ಎಲ್ಲಿ ಕುಸೀತೈತಿ ನೋಡಿ ಮತ್ತ ತುಂಬೋಣು.” ಇವತ್ತು ಕ್ಷಮೆ ಕೇಳಿದಿರಿ ಅಂದ ಮಾತ್ರಕ್ಕೆ ನಾಳೆಯೇ ಹಣ್ಣು ಕೇಳಬೇಡಿ. ಕುಸಿದರೆ ಮತ್ತೆ ತುಂಬಿ. ನಮ್ಮ ತೋಟಗಾರ ಇನ್ನೊಂದು ವರ್ಷ ಬೇಡಿಕೊಳ್ಳುವವನು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನಿಮ್ಮ ಹಿತ್ತಲಲ್ಲಿ ಯಾರ ಹೆಸರು ಹೂತಿದೆ? ಆ ಹೆಸರನ್ನು ಕರ್ತನ ಮುಂದೆ ಹೇಳಿ. ಇವತ್ತು ಸಂಜೆಯೊಳಗೆ ಒಂದು ಫೋನ್ ಮಾಡಿ.

ತಂದೆಯೇ, ನಾವು ಮುಚ್ಚಿಟ್ಟದ್ದನ್ನು ನೀನು ಬಲ್ಲೆ. ನಿನ್ನ ಗುದ್ದಲಿಗೆ ಹೆದರದ ಹೃದಯ ಕೊಡು. ನಮ್ಮ ದಿಬ್ಬ ಇಳಿಸು, ನಮ್ಮ ತಗ್ಗು ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.